ಒಲೆ ನೆಲ ಬಿಟ್ಟ ವರ್ಷ

ನೇಸರಗಿಯ ನಮ್ಮ ಮನೆಯ ಹಳೆಯ ಅಡುಗೆಮನೆಗೆ ಹೋಗುವಾಗ ಅಪ್ಪ ತಲೆ ಬಗ್ಗಿಸುತ್ತಿದ್ದ. ಮರೆತ ದಿನ ಹಣೆ ಬಡಿಸಿಕೊಂಡು ಬಾಗಿಲಿನ ಚೌಕಟ್ಟಿಗೇ ಬೈಯುತ್ತಿದ್ದ. ಒಳಗೆ ಹಗಲಲ್ಲೂ ಅರೆಗತ್ತಲೆ. ಮಣ್ಣಿನ ಮಾಳಿಗೆಗೆ ಒಂದೇ ಒಂದು ಬೆಳಕಿಂಡಿ. ಅದರಿಂದ ಇಳಿದ ಬಿಸಿಲು ಬೆಳಿಗ್ಗೆ ಕಾಳಿನ ಗಡಿಗೆಗಳ ಮೇಲೆ ಬೀಳುತ್ತಿತ್ತು, ಊಟದ ಹೊತ್ತಿಗೆ ನೆಲದ ನಡುವೆ ಬರುತ್ತಿತ್ತು, ಸಂಜೆ ಬೀಸುಕಲ್ಲಿನ ಮೇಲೆ ಹತ್ತಿ ಮಾಯವಾಗುತ್ತಿತ್ತು. ಅದು ಎಲ್ಲಿದೆ ಎಂದು ನೋಡಿಯೇ ಆಯಿ ನನ್ನನ್ನು ಶಾಲೆಗೆ ಅಟ್ಟುತ್ತಿದ್ದಳು. ಆಯಿ ಎಂದರೆ ಅಪ್ಪನ ಅವ್ವ. ಮೂಲೆಯಲ್ಲಿ ನೆಲಕ್ಕೇ ಹೂಡಿದ ಮಣ್ಣಿನ ಒಲೆ, ಅದಕ್ಕೆ ಅಂಟಿಕೊಂಡಂತೆ ಒಂದು ಕೋಡೊಲೆ. ದೊಡ್ಡ ಬಾಯಿಯ ಮೇಲೆ ರೊಟ್ಟಿಯ ಹಂಚು, ಪಕ್ಕದ ಸಣ್ಣ ಬಾಯಿಯ ಮೇಲೆ ಬೇಳೆಯ ಪಾತ್ರೆ. ಒಂದೇ ಉರಿಯಲ್ಲಿ ಎರಡೂ ಆಗುತ್ತಿದ್ದವು. ಆಯಿ ಅದರ ಮುಂದೆ ಗಿಡ್ಡ ಮಣೆಯ ಮೇಲೆ ಒಂದು ಕಾಲು ಮಡಚಿ, ಇನ್ನೊಂದನ್ನು ಚಾಚಿ ಕೂಡುತ್ತಿದ್ದಳು. ಎಡಕ್ಕೆ ಹಿಟ್ಟು, ಬಲಕ್ಕೆ ನೀರು, ಹಿಂದೆ ಹತ್ತಿಕಟ್ಟಿಗೆಯ ಹೊರೆ. ನಾನು ಹುಟ್ಟುವ ಮೊದಲೇ ಅವಳ ಮೊಣಕಾಲು ಕೆಟ್ಟಿದ್ದವು, ನಿಂತು ಮಾಡುವ ಕೆಲಸ ಅವಳಿಂದ ಆಗುತ್ತಿರಲಿಲ್ಲ. ಆದರೆ ಒಮ್ಮೆ ಕೂತಳೆಂದರೆ ಮನೆಮಂದಿಗೆಲ್ಲ ರೊಟ್ಟಿ ಬಡಿದು ಮುಗಿಸಿಯೇ ಏಳುತ್ತಿದ್ದಳು.

ಬೆಳಗಿನ ಮೊದಲ ಉರಿಯನ್ನು ಮನೆಯ ಹಿರಿಯ ಹೆಂಗಸೇ ಹಚ್ಚಬೇಕೆಂಬುದು ನಮ್ಮ ಮನೆಯ ಪದ್ಧತಿ. ಆಯಿ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಒಲೆಯ ಹಣೆಗೂ ಮೂರು ಬೆರಳಿನ ವಿಭೂತಿ ಎಳೆದು ಕಡ್ಡಿ ಗೀರುತ್ತಿದ್ದಳು. ಅಲ್ಲಿಯವರೆಗೆ ಅವ್ವ ಕಸ, ನೀರು, ದನದ ಹೆಂಡಿ ಮುಗಿಸಿ ಕಾಯಬೇಕು. ಮಗಳ ಮನೆಗೆಂದು ರಾಮದುರ್ಗಕ್ಕೆ ಹೊರಟಾಗ ಆಯಿ ಹೊಸ್ತಿಲಲ್ಲಿ ನಿಂತು "ಒಲಿ ನೋಡ್ಕೋ ಯವ್ವಾ" ಎಂದು ಅವ್ವನಿಗೆ ಹೇಳುತ್ತಿದ್ದಳು. ಅಧಿಕಾರ ವಹಿಸಿಕೊಡುವುದು ಅಷ್ಟರಲ್ಲೇ ಮುಗಿಯುತ್ತಿತ್ತು. ತಿರುಗಿ ಬಂದ ಮೇಲೆ ಕಾಲು ತೊಳೆದುಕೊಂಡು ನೇರ ಒಲೆಯ ಹತ್ತಿರವೇ ಹೋಗಿ, ಬೇರೆಯವರ ಹತ್ತಿರ ಬಿಟ್ಟುಹೋಗಿದ್ದ ತನ್ನ ಎಮ್ಮೆಯನ್ನು ನೋಡುವವಳಂತೆ ಅದನ್ನು ಸುತ್ತ ನೋಡುತ್ತಿದ್ದಳು. ಅತ್ತೆ ಸೊಸೆಗೆ ದಿನಕ್ಕೊಂದು ಜಗಳ ಇದ್ದೇ ಇತ್ತು, ಬಹುತೇಕ ಉಪ್ಪು ಹುಳಿಯ ಮೇಲೆ. ಅವ್ವ ಕಿತ್ತೂರಿನ ಹತ್ತಿರದ ದೇಗಾಂವದವಳು, ಸಾರಿಗೆ ಹುಣಸೆಹಣ್ಣು ತುಸು ಮುಂದಾಗಿಯೇ ಬೀಳುತ್ತಿತ್ತು.

"ಕಿತ್ತೂರ ಕಡೀ ಮಂದಿ ಹುಣಸಿಹಣ್ಣ ತಿಂದಽ ಬೆಳೀತಾರ ಕಾಣತೈತಿ" ಎಂದು ಆಯಿ.

"ನಿಮ್ಮ ಮಗಾ ಎರಡನೇ ಸಲ ಹಾಕಿಸ್ಕೊಳ್ಳಾಕ ಹತ್ಯಾರ, ಅವರನ್ನ ಕೇಳ್ರಿ" ಎಂದು ಅವ್ವ.

ಅಪ್ಪ ತಲೆ ಎತ್ತದೆ ಉಣ್ಣುತ್ತಿದ್ದ. ಯಾರ ಪರ ಮಾತಾಡಿದರೂ ಮುಂದಿನ ರೊಟ್ಟಿ ತಡವಾಗಿ ಬರುತ್ತದೆಂಬುದು ಅವನಿಗೆ ಗೊತ್ತಿತ್ತು. ನಾನು ನಗುತ್ತಿದ್ದೆ. ಆ ಜಗಳ ಕೇಳುತ್ತ ಉಣ್ಣುವುದೇ ಮನೆ ಎಂದು ನಾನು ತಿಳಿದಿದ್ದೆ, ಈಗಲೂ ಹಾಗೆಯೇ ತಿಳಿದಿದ್ದೇನೆ. ಎಲ್ಲರೂ ಮೆಲ್ಲಗೆ ಮಾತಾಡುವ ಮನೆಯಲ್ಲಿ ನನಗೆ ಇಂದಿಗೂ ಊಟ ಸೇರುವುದಿಲ್ಲ.

ನನ್ನ ತಂಗಿ ಲೀಲಾಳನ್ನು ನಾವು ಕಳೆದುಕೊಂಡದ್ದು ಆ ಒಲೆಯಿಂದ. ಹತ್ತಿ ಬಿಡಿಸುವ ಕಾಲ. ಅಪ್ಪ ಅವ್ವ ಹೊಲದಲ್ಲಿದ್ದರು, ನಾನು ಶಾಲೆಯಲ್ಲಿ. ಆಯಿ ರೊಟ್ಟಿ ಬಡಿಯುತ್ತಿದ್ದಳು. ಆಗಷ್ಟೇ ನಡೆಯಲು ಕಲಿತಿದ್ದ ಲೀಲಾ ಅವಳ ಬೆನ್ನ ಹಿಂದೆ ಒಂದು ಹಿಟ್ಟಿನ ಉಂಡೆ ಹಿಡಿದು ತಾನೂ ಬಡಿಯುವ ಆಟ ಆಡುತ್ತಿದ್ದಳಂತೆ. ಭಿಕ್ಷೆಗೆಂದು ಜಂಗಮ ಅಯ್ಯನವರು ಬಾಗಿಲಿಗೆ ಬಂದರು. ನಮ್ಮಲ್ಲಿ ಅಯ್ಯನವರನ್ನು ಹೊಸ್ತಿಲಲ್ಲಿ ಕಾಯಿಸುವಂತಿಲ್ಲ. ಕೈಯಲ್ಲಿ ಏನೇ ಇರಲಿ, ಬಿಟ್ಟು ಎದ್ದು ಹೋಗಿ ನೀಡಬೇಕು. ಆಯಿ ಗೋಡೆ ಹಿಡಿದು ಎದ್ದಳು, ಬಿಸಿ ರೊಟ್ಟಿಯನ್ನು ಜೋಳಿಗೆಗೆ ಹಾಕಿದಳು, ಬಗ್ಗಿ ನಮಸ್ಕಾರ ಮಾಡಿದಳು. ಒಳಗಿನಿಂದ ಕೂಗು ಕೇಳಿದ್ದು ಆಗ. ಕೋಡೊಲೆಯ ಮೇಲೆ ಕುದಿಯುತ್ತಿದ್ದ ಬೇಳೆಯ ಪಾತ್ರೆಯನ್ನು ಕೂಸು ಮೈಮೇಲೆ ಎಳೆದುಕೊಂಡಿತ್ತು. ಓಣಿಯವರು ಜೀಪು ಹಿಡಿದು ಬೈಲಹೊಂಗಲದ ದವಾಖಾನೆಗೆ ಒಯ್ದರು. ಕೆಲವು ದಿನ ಇದ್ದಳು, ಆಮೇಲೆ ಇರಲಿಲ್ಲ. ನಮ್ಮ ಹೊಲದ ಬದುವಿನಲ್ಲಿ ಬನ್ನಿಗಿಡದ ಹತ್ತಿರ ಅವಳನ್ನು ಮಣ್ಣು ಮಾಡಿದರು. ನನ್ನನ್ನು ಅಲ್ಲಿಗೆ ಕರೆದೊಯ್ಯಲಿಲ್ಲ. ಪಕ್ಕದ ಮನೆಯವರು ನನ್ನನ್ನು ಕೂಡಿಸಿಕೊಂಡು ಉಪ್ಪಿಟ್ಟು ತಿನ್ನಿಸಿದರು, ನಾನು ತಿಂದೆ.

ಅವ್ವ ಆಯಿಯನ್ನು ಒಂದು ಮಾತೂ ಕೇಳಲಿಲ್ಲ. ಹೇಗಾಯಿತು, ಎಲ್ಲಿದ್ದಿರಿ, ಯಾಕೆ ಬಿಟ್ಟು ಹೋದಿರಿ, ಏನೂ ಇಲ್ಲ. ಬಂದವರೆಲ್ಲ ಹಣೆಬರಹವೆಂದರು, ಅವ್ವ ಅದಕ್ಕೂ ತಲೆಯಾಡಿಸಿದಳು. ಅಂದಿನಿಂದ ಉಪ್ಪಿನ ಜಗಳ ನಿಂತವು. ಸಾರಿಗೆ ಹುಳಿ ಎಷ್ಟೇ ಬಿದ್ದರೂ ಆಯಿ "ಛಲೋ ಆಗೇತಿ" ಎನ್ನುತ್ತಿದ್ದಳು. ಕೇಳಿದ್ದಕ್ಕೆಲ್ಲ ಅವ್ವ "ಹೂಂನ್ರಿ" ಎನ್ನುತ್ತಿದ್ದಳು. ಮನೆಗೆ ಬಂದವರು ಎಂಥ ಹೊಂದಿಕೆಯ ಅತ್ತೆ ಸೊಸೆ ಎಂದು ಹೊಗಳಿ ಹೋಗುತ್ತಿದ್ದರು, ನನಗೆ ಅವರ ಮೇಲೆ ಕೆಟ್ಟ ಕೋಪ ಬರುತ್ತಿತ್ತು. ಅಯ್ಯನವರು ಬಂದಾಗ ಆಯಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡೇ ಬಾಗಿಲಿಗೆ ಹೋಗುತ್ತಿದ್ದಳು. ಆಗ ನಾನು ಕೈ ಹಿಡಿಸಿಕೊಳ್ಳುವಷ್ಟು ಸಣ್ಣವಳಾಗಿರಲಿಲ್ಲ, ಆದರೂ ಬಿಡಿಸಿಕೊಳ್ಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮಾತಿಗೇನೂ ಬರವಿರಲಿಲ್ಲ. ಮಳೆ, ಹತ್ತಿಯ ದರ, ಸಂತೆ, ಊರಿನವರ ಮದುವೆ, ಎಲ್ಲದರ ಬಗ್ಗೆ ಮಾತಾಡುತ್ತಿದ್ದರು. ಲೀಲಾಳ ಹೆಸರನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಹೀಗೇ ಎರಡು ವರ್ಷ ಕಳೆದ ಮೇಲೆ ಅಡುಗೆಮನೆಯ ತೊಲೆಗೆ ಗೆದ್ದಲು ಹತ್ತಿತು. ಒಂದು ಮಳೆಗಾಲ ಮಾಳಿಗೆಯ ಮಣ್ಣು ಹಿಟ್ಟಿನ ಪರಾತಕ್ಕೇ ಉದುರಿತು. ಆ ವರ್ಷ ಹತ್ತಿಯೂ ಚೆನ್ನಾಗಿ ಬಂದಿತ್ತು. ಅಪ್ಪ ಅಡುಗೆಮನೆಯನ್ನು ಕೆಡವಿ ಹೊಸದು ಕಟ್ಟಿಸುವುದೆಂದು ನಿಶ್ಚಯಿಸಿದ. ಸುದ್ದಿ ತಿಳಿದದ್ದೇ ರಾಮದುರ್ಗದಿಂದ ಅತ್ತೆ ಬಂದಿಳಿದಳು. ಅವಳು ಅಪ್ಪನ ಅಕ್ಕ. ಅವಳ ಮನೆಯಲ್ಲಿ ಗ್ಯಾಸಿತ್ತು, ನಿಂತು ಅಡುಗೆ ಮಾಡುವ ಕಟ್ಟೆಯಿತ್ತು, ಗೋಡೆಗೆ ನಳವಿತ್ತು. ಈ ಮೂರರ ಸುದ್ದಿ ಅವಳ ಪ್ರತಿ ಮಾತಿನಲ್ಲೂ ಬರುತ್ತಿತ್ತು. ಪಡಸಾಲೆಯಲ್ಲಿ ಊಟವಾದ ಮೇಲೆ ಎಲ್ಲರನ್ನೂ ಕೂಡಿಸಿ ಅತ್ತೆ ಪಂಚಾಯಿತಿ ಶುರು ಮಾಡಿದಳು. ಹೊಸ ಅಡುಗೆಮನೆಗೆ ಯಾವುದು ಬೇಕೇ ಬೇಕು, ಯಾವುದಿಲ್ಲದಿದ್ದರೂ ನಡೆಯುತ್ತದೆ, ಒಬ್ಬೊಬ್ಬರೂ ಹೇಳಬೇಕೆಂದಳು. ಅಪ್ಪನಿಗೆ ಬಾಗಿಲು ಎತ್ತರ ಬೇಕಿತ್ತು, ಜೊತೆಗೆ ನಾಲ್ಕು ಮಂದಿ ಸಾಲಾಗಿ ಕೂತು ಉಣ್ಣುವಷ್ಟು ಜಾಗ. ಆಯಿಗೆ ಮೂಡಣ ಗೋಡೆಗೆ ದೇವರ ಜಗಲಿ ಬೇಕಿತ್ತು, ಹೊಗೆ ಹೊರಗೆ ಹೋಗಬೇಕಿತ್ತು. ಅತ್ತೆಗೆ ನಳ ಬೇಕಿತ್ತು, ಅದು ಅವಳ ಮನೆಯಲ್ಲ ಎಂದು ಅಪ್ಪ ನೆನಪಿಸಬೇಕಾಯಿತು. ನಾನು ಕಿಟಕಿ ಬೇಕೆಂದೆ. ಅವ್ವನಿಗೆ ಆಗ ಐದು ತಿಂಗಳು. ಗೋಡೆಗೆ ಒರಗಿ ಕೂತು ಅವರೆಕಾಳು ಸುಲಿಯುತ್ತಿದ್ದಳು.

"ನೀ ಯಾಕ ಸುಮ್ಮನದಿ ನೀಲವ್ವ? ಅಡಗಿ ಮಾಡಾಕಿ ನೀನು. ಹೇಳ, ಏನೇನ ಬೇಕು?" ಎಂದಳು ಅತ್ತೆ.

ಅವ್ವ ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದಳು.

"ಒಲಿ ನೆಲದ ಮ್ಯಾಲ ಇರಬಾರದು. ಅಷ್ಟಽ. ಮತ್ತೇನೂ ಬ್ಯಾಡ ನನಗ."

ಅತ್ತೆ ಅಪ್ಪನ ಮುಖ ನೋಡಿದಳು, ಅಪ್ಪ ಹೊರಗೆ ನೋಡಿದ. ಅವ್ವ ಯಾಕೆ ಹಾಗೆಂದಳೆಂದು ನನಗೂ ಗೊತ್ತಿತ್ತು, ಹೊಟ್ಟೆಯೊಳಗಿದ್ದ ಕೂಸೊಂದನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಒಲೆ ಮೇಲೇರಿದರೆ ಆಯಿಯ ಗತಿ ಏನೆಂಬುದೂ ಎಲ್ಲರಿಗೂ ಗೊತ್ತಿತ್ತು. ಜೋಳದ ರೊಟ್ಟಿಯನ್ನು ಬಡಿದವಳೇ ಎತ್ತಿ ಹಂಚಿಗೆ ಹಾಕಬೇಕು. ಅಷ್ಟು ತೆಳ್ಳಗಿನ ಹಸಿ ರೊಟ್ಟಿಯನ್ನು ಕೆಳಗಿನವಳು ಮೇಲಿನವಳ ಕೈಗೆ ದಾಟಿಸಿದರೆ ಹರಿದು ಹೋಗುತ್ತದೆ. ಕೆಳಗೆ ಕೂತು ಬಡಿಯುವವಳಿಗೆ ಮೇಲಿನ ಒಲೆಯಿಂದ ಏನೂ ಉಪಯೋಗವಿಲ್ಲ. ಅತ್ತೆ ಬಾಯಿ ತೆರೆದಳು.

"ಅಲ್ಲಾ, ಅವ್ವನ ಮಣಕಾಲು… ಆಕಿ ರೊಟ್ಟಿ ಹೆಂಗ…"

"ಸುಮ್ಮನಿರಽ" ಎಂದಳು ಆಯಿ. "ನೀಲವ್ವ ಅಂದದ್ದಽ ಖರೆ ಐತಿ. ಒಲಿ ಮ್ಯಾಲಽ ಇರಲಿ. ಎಷ್ಟ ದಿನಾ ಅಂತ ನಾ ರೊಟ್ಟಿ ಬಡೀಲಿ? ಸಾಕಾಗೇತಿ ನನಗೂ."

ಅದು ಸುಳ್ಳು. ಸಾಕಾಗಿರಲಿಲ್ಲ ಅವಳಿಗೆ. ಆದರೆ ಎಷ್ಟು ಹಗುರವಾಗಿ ಹೇಳಿದಳೆಂದರೆ ಅಪ್ಪ ನಿಜವೆಂದೇ ನಂಬಿದ, ಅಥವಾ ನಂಬಿದರೆ ಸುಲಭವೆಂದು ನಂಬಿದ.

ಮರುದಿನ ಅತ್ತೆ ಹಿತ್ತಲಿನಲ್ಲಿ ಬೂದಿಯಿಂದ ಅಡುಗೆಮನೆಯ ಗೆರೆ ಎಳೆದಳು. ಮನೆ ಕಟ್ಟುವ ಮುಂಚೆ ನಮ್ಮ ಓಣಿಯ ಹೆಂಗಸರು ಹೀಗೇ ಮಾಡುತ್ತಿದ್ದರು. ಗೋಡೆಯಿರುವಲ್ಲಿ ಬೂದಿ, ಬಾಗಿಲಿರುವಲ್ಲಿ ಖಾಲಿ, ಒಲೆಗೆ ಮೂರು ಕಲ್ಲು. ಒಳಗೆ ಹೋಗಿ ಅಡುಗೆ ಮಾಡಿದಂತೆ ಮಾಡಿ, ಮೊಣಕೈ ಎಲ್ಲಿ ತಾಗುತ್ತದೆ, ಉಣ್ಣಲು ಕೂತವರಿಗೆ ಕಾಲು ಎಲ್ಲಿ ತಗಲುತ್ತದೆ ಎಂದು ನೋಡುವುದು. ಅತ್ತೆ ಇಲ್ಲದ ನಳ ತಿರುಗಿಸಿ ಇಲ್ಲದ ಭಾಂಡೆ ತೊಳೆದಳು. ನಾನು ಇಲ್ಲದ ಕಿಟಕಿಯಿಂದ ಹಣಕಿ ಎಮ್ಮೆಯನ್ನು ನೋಡಿದೆ. ಅಪ್ಪ ಗೆರೆ ದಾಟಿ ಬಂದಾಗ "ಗೋಡಿ ಒಡಕೊಂಡ ಬಂದ ನೋಡ, ಬಾಗಲಾ ಎತ್ತರ ಬೇಕಂದಾವ" ಎಂದು ಅತ್ತೆ ಅಂದದ್ದಕ್ಕೆ ಅವ್ವ ಕೂಡ ನಕ್ಕಳು. ಲೀಲಾ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಆಗಲೇ. ನನಗೆ ಎಷ್ಟು ಸಂತೋಷವಾಯಿತೆಂದರೆ, ಇನ್ನೂ ನಗಿಸಬೇಕೆಂದು ಬೂದಿಯ ಮನೆಯೊಳಗೆ ಕುಣಿದೆ. ಆಗ ಆಯಿಯನ್ನು ನೋಡಿದೆ. ಅವಳು ಗೆರೆಯ ಹೊರಗೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಒಳಗೆ ಬಾ ಎಂದು ಕರೆದೆ.

"ನಾ ಒಳಗ ಬಂದ ಏನ ಮಾಡ್ಲಿ? ನೀವಽ ನೋಡ್ಕೋರಿ" ಎಂದಳು.

ಅವಳ ಕೂಡುವ ಜಾಗವನ್ನು ಯಾರೂ ಗುರುತು ಹಾಕಿರಲಿಲ್ಲ. ಉಣ್ಣುವವರಿಗೆ ಜಾಗವಿತ್ತು, ಕಾಳಿನ ಗಡಿಗೆಗಳಿಗೆ ಇತ್ತು, ಬೀಸುಕಲ್ಲಿಗೂ ಇತ್ತು. ನಾನು ಮೂಲೆಯೊಂದರಲ್ಲಿ ಕಾಲಿನಿಂದ ಸಣ್ಣ ಚೌಕ ಗೀಚಿ "ಇದು ಆಯಿದು" ಎಂದೆ. ಅಲ್ಲಿ ಕಟ್ಟಿಗೆ ಇಡಬೇಕು ಎಂದಳು ಅತ್ತೆ. ಅವಳು ಕೆಟ್ಟವಳಲ್ಲ, ಅವಳಿಗೆ ಹೊಳೆಯಲಿಲ್ಲ ಅಷ್ಟೇ. ಅವ್ವನಿಗೆ ಹೊಳೆದಿತ್ತೆಂದೇ ನನ್ನ ನಂಬಿಕೆ.

ಗೋಡೆಗಳೆದ್ದ ಮೇಲೆ ಗೌಂಡಿ ಇಮಾಮಸಾಬ ಕಟ್ಟೆಯ ಎತ್ತರ ಕೇಳಲು ಒಳಗೆ ಬಂದ. ಬೈಲಹೊಂಗಲದಿಂದ ತಂದ ಕರಿಯ ಕಡಪಾ ಕಲ್ಲು ಅಂಗಳದಲ್ಲಿ ಒರಗಿ ನಿಂತಿತ್ತು. ಒಂದು ಕೊನೆಗೆ ಗ್ಯಾಸು, ಇನ್ನೊಂದು ಕೊನೆಗೆ ಕಟ್ಟಿಗೆಯ ಒಲೆ, ಎರಡೂ ಅದೇ ಕಟ್ಟೆಯ ಮೇಲೆ ಎಂದು ಆಗಲೇ ತೀರ್ಮಾನವಾಗಿತ್ತು.

"ಅಡಗಿ ಮಾಡಾವ್ರ ನಡಾ ಮಟಾ ಇರತೈತ್ರಿ ಕಟ್ಟಿ. ಅಕ್ಕಾರ, ಇಲ್ಲೆ ಬಂದ ನಿಂದರ್ರಿ, ಗುರುತ ಹಾಕತೇನಿ" ಎಂದ.

ಅವ್ವ ಗೋಡೆಗೆ ತಾಗಿ ನಿಂತಳು. ಗಿಡ್ಡ ಹೆಂಗಸು, ಏಳು ತಿಂಗಳ ಬಸುರಿ. ಇಮಾಮಸಾಬ ಅವಳ ಸೊಂಟದ ಮಟ್ಟಕ್ಕೆ ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆದ. ಆಯಿ ಬಾಗಿಲಲ್ಲಿ ನಿಂತಿದ್ದವಳು ಗೋಡೆ ಹಿಡಿದು ಒಳಗೆ ಬಂದಳು.

"ಕಸ್ತೂರಿ, ಬಾ ಇಲ್ಲೆ" ಎಂದು ನನ್ನನ್ನು ಕರೆದಳು. "ನಿಂದರ. ಕೈ ಎತ್ತ. ಹಂಗಲ್ಲ, ಒಲಿ ಮ್ಯಾಲಿನ ಪಾತ್ರೆ ತಗೊಳ್ಳಾರಂಗ ಎತ್ತ."

ನಾನು ಎತ್ತಿದೆ. ನನ್ನ ಬೆರಳುಗಳು ಗೆರೆಯನ್ನು ದಾಟಿ ಎಷ್ಟೋ ಮೇಲೆ ಹೋದವು.

"ನೋಡಪಾ, ಸಿಗತೈತಿ" ಎಂದಳು ಆಯಿ. "ಇನ್ನೂ ಮ್ಯಾಲ ಹಾಕ. ಕೂಸಿನ ಕೈಗೆ ಸಿಗಬಾರದು."

"ಆಯಿ, ಇಕಿ ದೊಡ್ಡಾಕಿ ಅದಾಳಲ್ರಿ. ಇಕಿ ಕೈಗೆ ಸಿಗದಂಗ ಕಟ್ಟಿದ್ರ ಅಡಗಿ ಮಾಡಾವ್ರ ಕೈಗೂ ಸಿಗಂಗಿಲ್ರಿ. ಹೆಗಲ ಬಿದ್ದ ಹೋಗತಾವ."

"ಇನ್ನೂ ಮ್ಯಾಲ ಹಾಕ."

ಇಮಾಮಸಾಬ ಅವ್ವನ ಕಡೆ ನೋಡಿದ. ಬೇಡವೆನ್ನುವುದಿದ್ದರೆ ಅವಳೇ ಅನ್ನಬೇಕಿತ್ತು. ಅವ್ವ ಆಯಿಯ ಮುಖವನ್ನೇ ನೋಡುತ್ತಿದ್ದಳು. ಎರಡು ವರ್ಷದಲ್ಲಿ ಅವರಿಬ್ಬರು ಅಷ್ಟು ಹೊತ್ತು ಒಬ್ಬರನ್ನೊಬ್ಬರು ನೋಡಿದ್ದಿಲ್ಲ. ಈಗ ಏನಾದರೂ ಮಾತು ಬರುತ್ತದೆ, ಜಗಳವಾದರೂ ಆಗುತ್ತದೆ ಎಂದು ನಾನು ಎತ್ತಿದ ಕೈ ಇಳಿಸದೆ ಕಾಯ್ದೆ.

"ಅತ್ತಿಯಾರು ಹೇಳಿದಂಗ ಹಾಕ್ರಿ" ಎಂದಳು ಅವ್ವ.

ಹಾಗಾಗಿ ನಮ್ಮ ಮನೆಯ ಕಟ್ಟೆ ಅವ್ವನ ಎದೆಯ ಮಟ್ಟಕ್ಕೆ ಬಂತು. ಅಂಥ ಕಟ್ಟೆಯನ್ನು ಆಮೇಲೆ ನಾನು ಬೇರೆ ಯಾರ ಮನೆಯಲ್ಲೂ ನೋಡಿಲ್ಲ. ನೋಡಲು ಬಂದ ಓಣಿಯ ಹೆಂಗಸರು ಇದು ಅಡುಗೆ ಕಟ್ಟೆಯೋ ಗುಡಿಯ ಕಟ್ಟೆಯೋ ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಗೌಂಡಿಗೆ ಅಳತೆ ತಪ್ಪಿದೆ ಎಂದು ಊರಲ್ಲಿ ಮಾತಾಯಿತು, ಪಾಪ, ಅವನು ಯಾರ ಮುಂದೂ ನಿಜ ಹೇಳಲಿಲ್ಲ. ಅವ್ವ ನಿಲ್ಲಲು ಒಂದು ಹಲಗೆ ಹಾಕಿಸಿದರು. ಹಾಲು ಉಕ್ಕಿಸುವ ದಿನ ಮೊದಲ ಉರಿ ಹಚ್ಚಲು ಅತ್ತೆ ಆಯಿಯನ್ನು ಕರೆದಳು. ಆಯಿ ಪಡಸಾಲೆಯ ಕಂಬ ಬಿಟ್ಟು ಏಳಲಿಲ್ಲ. "ನೀಲವ್ವ ಹಚ್ಚಲಿ, ಆಕಿ ಒಲಿ ಅದು" ಎಂದಳು. ಅವ್ವ ಕೈಯಲ್ಲಿ ಕಡ್ಡಿಪೆಟ್ಟಿಗೆ ಹಿಡಿದುಕೊಂಡು ಪಡಸಾಲೆಯ ಕಡೆ ನೋಡಿದಳು. ಬರ್ರಿ ಅತ್ತಿ ಎಂದು ಒಂದು ಸಲ ಕರೆದಿದ್ದರೆ ಆಯಿ ಬರುತ್ತಿದ್ದಳೋ ಏನೋ. ಅವ್ವ ಕರೆಯಲಿಲ್ಲ. ತಾನೇ ವಿಭೂತಿ ಎಳೆದು, ಹಲಗೆ ಹತ್ತಿ ಒಲೆ ಹಚ್ಚಿದಳು. ಹಾಲು ಉಕ್ಕಿತು, ಎಲ್ಲರೂ ಒಳ್ಳೆಯದಾಯಿತೆಂದರು. ಹೊಸ ಅಡುಗೆಮನೆ ಬೆಳಕಾಗಿತ್ತು, ನನ್ನ ಕಿಟಕಿಯಿಂದ ನಿಜವಾಗಿಯೂ ಎಮ್ಮೆ ಕಾಣುತ್ತಿತ್ತು.

ಮಲ್ಲು ಹುಟ್ಟಿದ. ಅವ್ವ ಅವನನ್ನು ಮನೆಯಲ್ಲಿ ಬಿಡಲಿಲ್ಲ. ಹೊಲಕ್ಕೆ ಹೊರಟರೆ ಜೊತೆಗೇ ಒಯ್ದು ಬೇವಿನ ಗಿಡಕ್ಕೆ ಸೀರೆಯ ತೊಟ್ಟಿಲು ಕಟ್ಟಿ ಮಲಗಿಸುತ್ತಿದ್ದಳು, ಬಿಸಿಲು ಎಷ್ಟೇ ಇರಲಿ. ಮೊಮ್ಮಗ ಹೊರಟಾಗ ಆಯಿ ಅವನ ಕಿವಿಗೆ ಗಾಳಿ ತಾಗದಂತೆ ಬಟ್ಟೆ ಸುತ್ತಿ ಕೊಡುತ್ತಿದ್ದಳು, ಬಿಟ್ಟು ಹೋಗು ಎಂದು ಒಮ್ಮೆಯೂ ಕೇಳಲಿಲ್ಲ. ಅಡುಗೆಮನೆಯಲ್ಲಿ ಈಗ ಅವಳಿಗೆ ಕೆಲಸವಿರಲಿಲ್ಲ. ಶೇಂಗಾ ಒಡೆಯುವುದು, ಪಲ್ಯ ಸೋಸುವುದು, ಇವನ್ನು ಪಡಸಾಲೆಯಲ್ಲೇ ಕೂತು ಮಾಡಬಹುದಿತ್ತು. ಇವತ್ತು ಏನು ಅಡುಗೆ ಎಂದು ಅವಳನ್ನು ಕೇಳುವುದು ತಾನಾಗಿಯೇ ನಿಂತುಹೋಯಿತು. ಒಂದು ಮಧ್ಯಾಹ್ನ ಶಾಲೆಯಿಂದ ಹಸಿದು ಬಂದೆ, ರೊಟ್ಟಿಯ ಬುಟ್ಟಿ ಖಾಲಿಯಿತ್ತು. ಆಯಿಗೆ ಅದೆಂಥ ಹುರುಪು ಬಂತೋ, ಗೋಡೆ ಹಿಡಿದು ಹಲಗೆ ಹತ್ತಿದಳು. ಕಟ್ಟೆಯ ಮೇಲೆಯೇ ಹಿಟ್ಟು ನಾದಿದಳು, ಬಡಿದಳು. ಅವಳ ಕಾಲು ನಡುಗುತ್ತಿದ್ದುದು ಸೀರೆಯ ನೆರಿಗೆಯಲ್ಲಿ ಕಾಣುತ್ತಿತ್ತು. ನಾನು ಅವಳ ಸೊಂಟವನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದೆ. ಮೊದಲ ರೊಟ್ಟಿ ಉಬ್ಬಿತು. "ಉಬ್ಬಿತ ನೋಡ, ಕೈ ಇನ್ನೂ ಮರತಿಲ್ಲ" ಎಂದು ಸಣ್ಣ ಹುಡುಗಿಯಂತೆ ನಕ್ಕಳು. ಅಷ್ಟರಲ್ಲಿ ಅವ್ವ ಮಲ್ಲುವನ್ನು ಕಂಕುಳಲ್ಲಿ ಹೊತ್ತು ಬಾಗಿಲಲ್ಲಿ ಬಂದು ನಿಂತಿದ್ದಳು.

"ಇಳೀರಿ ಅತ್ತಿ. ಬಿದ್ದಗಿದ್ದೀರಿ" ಎಂದಳು.

ದನಿ ಏರಿರಲಿಲ್ಲ. ಆಯಿ ಬೀಳಬಾರದೆಂಬ ಕಾಳಜಿಯೇ ಇದ್ದೀತು. ಆದರೆ ಆಯಿ ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಅವಸರದಿಂದ ಇಳಿದಳು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೆಂದೂ ಆ ಹಲಗೆ ಹತ್ತಲಿಲ್ಲ. ಆ ರೊಟ್ಟಿಯನ್ನು ನಾನು ಉಂಡೆನೋ ಇಲ್ಲವೋ ನೆನಪಿಲ್ಲ, ಆಯಿಯ ನಗು ಅಲ್ಲೇ ನಿಂತದ್ದು ಮಾತ್ರ ನೆನಪಿದೆ.

ದಿನವೂ ಕೈ ಎತ್ತಿ ರೊಟ್ಟಿ ಬಡಿದು ಬಡಿದು ಅವ್ವನ ಹೆಗಲು ಹಿಡಿದುಕೊಳ್ಳತೊಡಗಿತು. ಇಮಾಮಸಾಬ ಹೇಳಿದಂತೆಯೇ ಆಯಿತು. ಸಂಜೆ ದೀಪ ಹಚ್ಚಿದ ಮೇಲೆ ಅವ್ವ ಪಡಸಾಲೆಯಲ್ಲಿ ಕೂತರೆ ಆಯಿ ಕರೆಯದೆಯೇ ಹಿಂದೆ ಬಂದು ಕೂತು ಬಿಸಿ ಎಳ್ಳೆಣ್ಣೆ ಹಚ್ಚಿ ಅವಳ ಹೆಗಲು ತಿಕ್ಕುತ್ತಿದ್ದಳು. ಅವ್ವ ಬೇಡವೆನ್ನುತ್ತಿರಲಿಲ್ಲ, ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಓದುತ್ತ ಕೂತ ನನಗೆ ಇಬ್ಬರನ್ನೂ ಹಿಡಿದು ಅಲ್ಲಾಡಿಸಬೇಕೆನಿಸುತ್ತಿತ್ತು. ಹೇಳಿರೇ, ಬೈದಾಡಿರೇ, ಅತ್ತುಬಿಡಿರೇ ಎಂದು ಕೂಗಬೇಕೆನಿಸುತ್ತಿತ್ತು. ಮಲ್ಲುವಿಗೆ ನಡೆಯಲು ಬಂದ ಮೇಲೆ ಒಂದು ದಿನ ಅವ್ವ ಅವನನ್ನು ಆಯಿಯ ತೊಡೆಯ ಮೇಲೆ ಕೂರಿಸಿ, ಏನೂ ಹೇಳದೆ, ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋಗಿಬಿಟ್ಟಳು. ಆಯಿ ಆ ಹಗಲೆಲ್ಲ ಕೂತ ಜಾಗದಿಂದ ಕದಲಲಿಲ್ಲ. ನೀರು ಬೇಕಾದರೂ ನನ್ನನ್ನೇ ಕೂಗಿದಳು. ಅಯ್ಯನವರು ಬಂದು ಕರೆದಾಗ, ನಾನು ಏಳುವ ಮೊದಲೇ, ಕೂತಲ್ಲಿಂದಲೇ ಎರಡೂ ಕೈ ಮುಗಿದು "ಮುಂದ ಹೋಗ್ರಿ ಅಜ್ಜಾರ, ತಪ್ಪ ತಿಳ್ಕೋಬ್ಯಾಡ್ರಿ" ಎಂದಳು. ನಮ್ಮ ಮನೆಯಿಂದ ಅಯ್ಯನವರು ಬರಿಗೈಯಲ್ಲಿ ಹೋದದ್ದು ಅದೇ ಮೊದಲು. ಸಂಜೆ ಅವ್ವ ಬಂದಾಗ ಮಲ್ಲು ಆಯಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದ.

ಆಮೇಲೆ ಮಲ್ಲು ದಿನವೂ ಆಯಿಯ ಹತ್ತಿರವೇ ಬೆಳೆದ. ಸಣ್ಣವನಿದ್ದಾಗ ಕಟ್ಟೆ ಅವನ ಕೈಗೆ ಸಿಗಲೇ ಇಲ್ಲ, ಶಾಲೆಗೆ ಹೋಗುವಷ್ಟು ದೊಡ್ಡವನಾದ ಮೇಲೆ ಸಿಕ್ಕಿತು. ನಾನು ಬೈಲಹೊಂಗಲದ ಕಾಲೇಜಿಗೆ ಹೋಗುತ್ತಿದ್ದ ವರ್ಷ ಆಯಿ ಹಾಸಿಗೆ ಹಿಡಿದಳು. ಜ್ವರ ಏರಿದಾಗ ಅವಳಿಗೆ ಹೊತ್ತು ವೇಳೆ ತಿಳಿಯುತ್ತಿರಲಿಲ್ಲ. ಬೆಳಕಿಂಡಿ ಹೋಗಿ ಎಷ್ಟೋ ವರ್ಷವಾಗಿತ್ತು, ಆದರೂ ಬಿಸಿಲು ಎಲ್ಲಿಗೆ ಬಂತು ಎಂದು ಕೇಳುತ್ತಿದ್ದಳು. ಅವ್ವ ಹಾಲಿನಲ್ಲಿ ರೊಟ್ಟಿ ಕಿವುಚಿ ಚಮಚೆಯಿಂದ ತಿನ್ನಿಸುತ್ತಿದ್ದಳು. ಒಂದು ಬೆಳಿಗ್ಗೆ ಹಾಗೆ ತಿನ್ನಿಸುವಾಗ ಆಯಿ ಚಮಚೆಯನ್ನು ದೂಡಿ, ಏಳಲು ನೋಡಿದಳು. ಕಣ್ಣಲ್ಲಿ ಭಯವಿತ್ತು.

"ಕೂಸು ಒಲಿ ಕಡೆ ಹೊಂಟತಿ ನೋಡಽ! ಹಿಡಿಯಽ ಯಾರರ!"

ಅವ್ವ ಚಮಚೆ ಕೆಳಗಿಟ್ಟು ಅವಳ ಎರಡೂ ಕೈ ಹಿಡಿದಳು.

"ಹೋಗಂಗಿಲ್ರಿ ಅತ್ತಿ. ಒಲಿ ಮ್ಯಾಲೈತ್ರಿ. ನೀವಽ ಹಾಕ್ಸೀರಲ್ಲ ಮ್ಯಾಲ. ಸಿಗಂಗಿಲ್ರಿ ಕೂಸಿಗೆ."

ಆಯಿ ಅವಳ ಮುಖವನ್ನೇ ನೋಡಿದಳು. ನಂಬಿದಳೋ ಇಲ್ಲವೋ, ಮಲಗಿಕೊಂಡಳು. ಆ ವಾರದಲ್ಲೇ ಹೋದಳು. ಅವಳನ್ನೂ ಹೊಲದಲ್ಲೇ, ಬನ್ನಿಗಿಡದ ಹತ್ತಿರವೇ ಮಣ್ಣು ಮಾಡಿದೆವು. ಈ ಸಲ ನಾನೂ ಹೋಗಿದ್ದೆ, ಒಂದು ಹಿಡಿ ಮಣ್ಣು ಹಾಕಿದೆ.

ಅದಾಗಿ ಹತ್ತು ಹನ್ನೆರಡು ವರ್ಷಕ್ಕೆ ಮಲ್ಲು ಕಟ್ಟೆ ಒಡೆಸಿ ಸರಿಯಾದ ಎತ್ತರಕ್ಕೆ ಕಟ್ಟಿಸುತ್ತೇನೆಂದು ಹಟ ಹಿಡಿದ. ಅವ್ವನ ಬಲಗೈ ಆಗಲೇ ತಲೆಯವರೆಗೆ ಏಳುತ್ತಿರಲಿಲ್ಲ, ಹೆರಳು ಹಾಕಿಕೊಳ್ಳಲು ಮಗ್ಗುಲ ಮನೆಯವರನ್ನು ಕರೆಯುತ್ತಿದ್ದಳು. ಮದುವೆಯಾಗಿ ಹೋಗಿದ್ದ ನಾನೂ ಬಂದಿದ್ದೆ. ಒಡೆಯುವ ಮೊದಲಿನ ದಿನ ನಾವಿಬ್ಬರೂ ಕೂಡಿ ಕಟ್ಟೆಯ ಮೇಲಿನ ಸಾಮಾನುಗಳನ್ನು ಇಳಿಸುತ್ತಿದ್ದೆವು. ಇಷ್ಟು ವರ್ಷ ಬಾಯಿಗೆ ಬಾರದ ಪ್ರಶ್ನೆಯನ್ನು ಅವಳ ಮುಖ ನೋಡದೆ ಕೇಳಿಬಿಟ್ಟೆ.

"ಅವ್ವಾ, ನಿನಗ ಆಯಿ ಮ್ಯಾಲ ಸಿಟ್ಟಿತ್ತೇನು?"

ಅವ್ವ ಕೈಯಲ್ಲಿದ್ದ ಡಬ್ಬಿಯನ್ನು ನನಗೆ ಕೊಟ್ಟಳು.

"ಇತ್ತು. ಯಾಕ ಸುಳ್ಳ ಹೇಳ್ಲಿ" ಎಂದಳು. "ಮಲ್ಲು ಹುಟ್ಟಿದ ಮ್ಯಾಲ ಅದು ತಾನಽ ಹೋತು. ಹೋತು ಅಂತ ಹೇಳಬೇಕಂದ್ರ, ಮೊದಲ ಇತ್ತು ಅಂತ ಹೇಳಬೇಕಾಗತಿತ್ತಲ್ಲ. ಹೇಳಿದ್ರ ನಿಮ್ಮಾಯಿ ಸಾಯೂಮಟಾ ಅದನ್ನಽ ಹೊತ್ಕೊಂಡ ಕುಂಡ್ರತಾಳ ಅಂತ ಸುಮ್ಮನಾದೆ."

ಸೆರಗಿನಿಂದ ಬರಿ ಕಟ್ಟೆಯನ್ನು ಒರೆಸಿದಳು.

"ಹೇಳದಽನೂ ಹೊತ್ಕೊಂಡಽ ಕುಂತಿದ್ಲು."